ಬೋರಲು ಹಾಕಿದ ಬ್ರೆಡ್ಡು

ಮಾರ್ಚ್ ೧೯, ಲಿಸ್ಬನ್

ಬೆಳಗ್ಗೆ ಎದ್ದವಳೇ ಡಾಕ್ಟರು ಕೊಟ್ಟ ನಾಲ್ಕೂ ಸೀಸೆಗಳನ್ನು ಮೂಸಿದೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ನಾಲ್ಕರಲ್ಲೂ ಏನೂ ಇಲ್ಲ. ಖಾಲಿ ಕೋಣೆಯ ಬಾಗಿಲು ತೆಗೆದು ಮತ್ತೆ ಮುಚ್ಚಿದ ಹಾಗೆ. ದಿನಕ್ಕೆರಡು ಸಲ ಮೂಸುತ್ತಿದ್ದರೆ ಮೂಗಿಗೆ ಮರೆತ ಪಾಠ ನೆನಪಾಗಬಹುದು ಎಂದಿದ್ದಾರೆ. ‘ಆಗಬಹುದು’ ಎನ್ನುವಾಗ ಅವರು ಕಂಪ್ಯೂಟರಿನ ಕಡೆ ನೋಡುತ್ತಿದ್ದರು.

ಪ್ರವಾಸಿಗರ ಹಾಸ್ಟೆಲಿನ ಈ ಕೋಣೆಯಲ್ಲಿ ಒಂದರ ಮೇಲೊಂದು ಮಂಚ. ಮಿಕ್ಕವರೆಲ್ಲ ನನ್ನ ಅರ್ಧ ವಯಸ್ಸಿನ ಹುಡುಗಿಯರು. ಮೇಲಿನ ಮಂಚದ ಐರಿಷ್ ಹುಡುಗಿ ನಾನು ಮೂಸುವುದನ್ನು ಬಗ್ಗಿ ನೋಡಿ, “ಅಕ್ಕಾ, ಒಬ್ರೇ ಎಳ್ಕೋತೀರಲ್ಲ, ನಮಗೂ ಸ್ವಲ್ಪ ಕೊಡ್ರೀ” ಎಂದಳು. ನಲವತ್ತು ದಾಟಿದ ಹೆಂಗಸು ಬೆನ್ನಿಗೊಂದು ಚೀಲ ಏರಿಸಿಕೊಂಡು ಒಬ್ಬಳೇ ಅಲೆಯುತ್ತಿದ್ದರೆ ನಶೆ ಎಂದಲ್ಲದೆ ಇನ್ನೇನು ಅಂದುಕೊಂಡಾಳು, ಪಾಪ. ನೀಲಗಿರಿಯ ಸೀಸೆ ಕೊಟ್ಟೆ. ಒಂದೇ ಸಲ ಮೂಸಿ ಸೀನಿದಳು. ಅವಳ ಸೀನಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಇದನ್ನು ಓದುವವಳು ನಾನೊಬ್ಬಳೇ. ಹಾಗಾಗಿ ಬಣ್ಣ ಕಟ್ಟುವುದು ಬೇಡ. ಜನವರಿಯ ಜ್ವರ ಬಂದು ಹೋಯಿತು, ಹೋಗುವಾಗ ಮೂಗನ್ನೂ ಕೊಂಡೊಯ್ದಿತು. ಡೆನ್ಮಾರ್ಕಿನ ರೀಬೆಯಲ್ಲಿ ನಮ್ಮ ಬೇಕರಿ. ಗಂಡ ಎಸ್ಬೆನ್ ಅಂಗಡಿ ನೋಡಿಕೊಳ್ಳುತ್ತಾನೆ, ಭಟ್ಟಿ ನನ್ನದು. ಬ್ರೆಡ್ಡು ಉಬ್ಬಿಸುವ ಹುಳಿಹಿಟ್ಟು ಕೆಟ್ಟಿದ್ದು ತಿಳಿಯದೆ ಒಂದು ಇಡೀ ದಿನದ ಕಪ್ಪು ಬ್ರೆಡ್ಡು ಬೇಯಿಸಿ ಊರಿಗೆಲ್ಲ ತಿನ್ನಿಸಿದೆ. ಆಮೇಲೆ ಹಿಟ್ಟಿಗೆ ಕೈ ಹಾಕಲು ಹೆದರಿಕೆ. ಎಸ್ಬೆನ್‌ನೇ, “ಎಲ್ಲಾದ್ರೂ ಬಿಸಿಲಿರೋ ಕಡೆ ಹೋಗಿ ಬಾ, ಸಿಡ್ಸೆಲ್. ಇಲ್ಲಿ ಕೂತು ಕೊರಗಬೇಡ” ಎಂದ. ಬೇಸಿಗೆಯ ಹೊತ್ತಿಗೆ ಭಟ್ಟಿಗೆ ಮರಳುತ್ತೇನೋ ಇಲ್ಲವೋ ಹೇಳುತ್ತೇನೆ ಎಂದು ಮಾತು ಕೊಟ್ಟು ಹೊರಟೆ.

ಅವನಿಗೆ ಹೇಳದ ಮಾತು ಒಂದಿದೆ. ಬ್ರೆಡ್ಡಿನ ಜೊತೆ ಅವನ ವಾಸನೆಯೂ ಹೋಯಿತು. ಮುಖ ಅವನದೇ, ದನಿ ಅವನದೇ, ನನ್ನ ಮೇಲಿನ ಅಕ್ಕರೆಯೂ ಹಾಗೇ ಇದೆ. ಆದರೆ ಪಕ್ಕದಲ್ಲಿ ಮಲಗಿದರೆ ಫೋಟೋದ ಪಕ್ಕ ಮಲಗಿದಂತಾಗುತ್ತದೆ. ಅವನು ಮುಟ್ಟಿದರೆ ಯಾರೋ ಮುಟ್ಟಿದರು ಅನ್ನಿಸುತ್ತದೆ. ಇಷ್ಟು ವರ್ಷ ನಾನು ಪ್ರೀತಿ ಅಂದುಕೊಂಡದ್ದು ಬರೀ ಮೂಗಿನ ಕೆಲಸವಾಗಿತ್ತೇ? ಹಾಗಾದರೆ ಅವನ ಹತ್ತಿರ ಮರಳಿ ಹೋಗಿ ಏನು ಮಾಡಲಿ? ನಾನು ಊರೂರು ಅಲೆಯುತ್ತಿರುವುದು ಇದಕ್ಕೆ.

ಮಾರ್ಚ್ ೨೮, ಸೆವಿಯಾ, ಸ್ಪೇನ್

ಊರಿಗೆ ಊರೇ ಕಿತ್ತಳೆ ಹೂವಿನ ಅಮಲಿನಲ್ಲಿದೆ. ಬೀದಿಯ ಎರಡೂ ಕಡೆ ಮರ, ಮರದ ತುಂಬ ಬಿಳಿ ಹೂವು. ಜನ ನಡೆಯುತ್ತಾ ನಡೆಯುತ್ತಾ ಕಣ್ಣು ಮುಚ್ಚುತ್ತಾರೆ, ಕಂಬಕ್ಕೆ ಢಿಕ್ಕಿ ಹೊಡೆಯುತ್ತಾರೆ, ನಗುತ್ತಾರೆ. ಮದುವೆ ಮನೆಯ ಊಟಕ್ಕೆ ಬಾಯಿ ಹೊಲಿದುಕೊಂಡು ಬಂದವಳಂತೆ ನಾನು.

ಬೆಂಚಿನ ಮೇಲೆ ಕೂತಿದ್ದ ಮುದುಕನೊಬ್ಬ ನನ್ನನ್ನು ಬಹಳ ಹೊತ್ತು ನೋಡಿದ.

“ಏನಮ್ಮಾ, ಹೂವಿನ ಕೆಳಗೆ ಕೂತು ಇಂಥಾ ಮುಖ ಮಾಡ್ಕೊಂಡಿದೀಯ. ಗಂಡ ಬಿಟ್ಟು ಹೋದ್ನಾ?”

“ಇಲ್ಲ, ನಾನೇ ಬಿಟ್ಟು ಬಂದಿದೀನಿ.”

“ಹಂಗಾದ್ರೆ ಅಳೋ ಸರದಿ ಅವನ್ದು. ನೀನ್ಯಾಕೆ ಮುಂಚೇನೇ ಶುರು ಮಾಡ್ದೆ?”

ಅವನು ಎದ್ದು ಹೋದ ಮೇಲೆ ಅಲ್ಲೇ ಒರಗಿಕೊಂಡೆ. ಎಸಳು ಉದುರುತ್ತಿತ್ತು. ಮಂಪರಿನಲ್ಲಿ ಅದು ಹಿಟ್ಟಿನ ಹಾಗೆ ಕಂಡಿತು. ಯಾರೋ ಆಕಾಶದಲ್ಲಿ ಕೂತು ಜರಡಿ ಹಿಡಿಯುತ್ತಿದ್ದಾರೆ, ನಾನು ಮಡಿಲೊಡ್ಡಿ ಕೂತಿದ್ದೇನೆ. ಎಚ್ಚರವಾದಾಗ ಮಡಿಲು ನಿಜಕ್ಕೂ ಬೆಳ್ಳಗಿತ್ತು. ಬೊಗಸೆಯಲ್ಲಿ ಹಿಡಿದು ಮುಖಕ್ಕೆ ತಂದುಕೊಂಡೆ. ತಣ್ಣಗಿತ್ತು, ಅಷ್ಟೆ.

ಎಸ್ಬೆನ್ ಫೋನ್ ಮಾಡಿದ್ದ. ಹೊಸದಾಗಿ ಬಂದಿರುವ ಕೆಲಸದವನು ಬನ್ನು ಸುಟ್ಟ ಕತೆ ಹೇಳಿದ. ನಗಬೇಕಾದ ಜಾಗದಲ್ಲಿ ನಕ್ಕೆ.

ಏಪ್ರಿಲ್ ೫, ಹಡಗಿನಲ್ಲಿ

ಬಾರ್ಸಿಲೋನಾ ಹಿಂದೆ ಉಳಿಯಿತು. ದಿನವಿಡೀ ನೀಲಿ. ನಿದ್ದೆ ಯಾವುದು, ಎಚ್ಚರ ಯಾವುದು ತಿಳಿಯಲಿಲ್ಲ. ಸೀಸೆಗಳು: ಇಲ್ಲ, ಇಲ್ಲ, ಇಲ್ಲ, ಇಲ್ಲ.

ಏಪ್ರಿಲ್ ೯, ನೇಪಲ್ಸ್

ಸೀಸೆಗಳ ಡಬ್ಬಿಯನ್ನು ಹಡಗಿನಲ್ಲೇ ಬಿಟ್ಟು ಬಂದಿದ್ದೇನೆ. ಮಂಚದ ಕೆಳಗೆ ಉರುಳಿರಬೇಕು. ಅಯ್ಯೋ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ದಿನಕ್ಕೆರಡು ಸಲ ಸೋಲುವುದು ತಪ್ಪಿತು. ಹೊಸದು ಕೊಳ್ಳುವುದಿಲ್ಲ.

ಇಂದು ಜಗಳವೂ ಆಯಿತು. ಬಂದರಿನ ಬಳಿಯ ಕಾಫಿ ಅಂಗಡಿಯಲ್ಲಿ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟೆ. ಇಷ್ಟು ದಿನ ಕಾಫಿ ಬಿಸಿನೀರಿನಂತಿತ್ತು, ಹೇಗೋ ನುಂಗುತ್ತಿದ್ದೆ. ಇದು ನುಂಗುವಂತಿರಲಿಲ್ಲ.

“ಏನ್ ಮೇಡಂ, ಮುಖ ಹಿಂಡ್ತೀರಾ?” ಅಂಗಡಿಯವನು ಕೇಳಿದ. ತೋಳು ಮಡಿಸಿದ ದಪ್ಪ ಆಳು.

“ಕಾಫಿ ಕೆಟ್ಟಿದೆ. ಟೈರ್ ಸುಟ್ಟ ಹಾಗಿದೆ.”

ನಿಂತು ಕುಡಿಯುತ್ತಿದ್ದವರೆಲ್ಲ ಮಾತು ನಿಲ್ಲಿಸಿದರು. ಚಿಕ್ಕ ವಯಸ್ಸಿನಲ್ಲಿ ಒಂದು ವರ್ಷ ಇಟಲಿಯ ಬೊಲೋನ್ಯದಲ್ಲಿ ಬ್ರೆಡ್ಡಿನ ಕೆಲಸ ಕಲಿತವಳು ನಾನು, ನನ್ನ ಇಟಾಲಿಯನ್ ಎಲ್ಲರಿಗೂ ಚೆನ್ನಾಗಿಯೇ ಅರ್ಥವಾಗಿತ್ತು.

“ಯಾವೂರಾಯ್ತು ತಮ್ದು?”

“ಡೆನ್ಮಾರ್ಕ್.”

“ಕೇಳಿಸ್ಕೊಂಡ್ರೇನ್ರೋ? ಡೆನ್ಮಾರ್ಕಿಂದ ಬಂದವ್ರೆ, ನಮಗೆ ಕಾಫಿ ಹೇಳ್ಕೊಡೋಕೆ!” ಎಂದು ಇನ್ನೊಂದು ಮಾಡಿ ತಾನೇ ಕುಡಿದ, ಪಕ್ಕದವನಿಗೂ ಕುಡಿಸಿದ. ಇಬ್ಬರೂ ದೇವರ ಕಡೆ ಕಣ್ಣೆತ್ತಿದರು. “ಮೇಡಂ, ಕಾಫಿ ಸರಿಯಾಗೈತೆ. ರಿಪೇರಿ ಬೇಕಾಗಿರೋದು ನಿಮಗೆ.”

ಇನ್ನೆರಡು ಅಂಗಡಿಯಲ್ಲಿ ಕುಡಿದು ನೋಡಿದೆ, ಅಲ್ಲೂ ಅದೇ ಸುಟ್ಟ ಟೈರು. ನೇಪಲ್ಸಿನ ಹೆಸರು ದೊಡ್ಡದು, ಕಾಫಿ ಮಾತ್ರ ಹಾಳು.

ಏಪ್ರಿಲ್ ೧೭, ಪಿಯೆತ್ರಾಮಾರಾ

ಬಸ್ಸಿನಲ್ಲಿ ನಿದ್ದೆ ಹೋದೆ. ಕೊನೆಯ ನಿಲ್ದಾಣದಲ್ಲಿ ಡ್ರೈವರು ಎಬ್ಬಿಸಿದ. ಗುಡ್ಡದ ನೆತ್ತಿಗೆ ಅಂಟಿಕೊಂಡ ಊರು, ಬರೀ ಮೆಟ್ಟಿಲು. ವಾಪಸ್ ಬಸ್ಸು ನಾಳೆಗೆ.

ಮೆಟ್ಟಿಲ ಮೇಲೆ ಕಪ್ಪು ಬಟ್ಟೆಯ ಮುದುಕಿಯೊಬ್ಬಳು ತಲೆಯ ಮೇಲೆ ಉದ್ದನೆಯ ಹಲಗೆ ಹೊತ್ತು ಇಳಿಯುತ್ತಿದ್ದಳು. ಹಲಗೆಯ ಮೇಲೆ ಉಬ್ಬಿದ ಹಿಟ್ಟಿನ ಉಂಡೆಗಳು, ಮೇಲೊಂದು ಬಟ್ಟೆ. ನಾನು ನೋಡುತ್ತಾ ನಿಂತೆ.

“ನೋಡ್ತಾ ನಿಂತ್ರೆ ಹಿಟ್ಟು ತಾನಾಗೇ ಇಳಿತದಾ? ಬಾ, ಆ ಕಡೆ ಹಿಡ್ಕೋ.”

ಹಿಡಿದುಕೊಂಡೆ. ಹೋದದ್ದು ಊರಿನ ಭಟ್ಟಿಗೆ. ಇಲ್ಲಿ ಪ್ರತಿ ಮನೆಯವರೂ ಮನೆಯಲ್ಲಿ ನಾದಿ ತರುತ್ತಾರೆ, ಬೇಯುವುದು ಒಂದೇ ಭಟ್ಟಿಯಲ್ಲಿ. ಯಾವ ಬ್ರೆಡ್ಡು ಯಾರದೆಂದು ತಿಳಿಯಲು ಹಸಿ ಹಿಟ್ಟಿನ ಮೇಲೆ ಮರದ ಮುದ್ರೆ ಒತ್ತುತ್ತಾರೆ. ಒಬ್ಬರದು ನಕ್ಷತ್ರ, ಒಬ್ಬರದು ಕೀಲಿಕೈ. ಭಟ್ಟಿ ನಡೆಸುವವಳು ಈ ಮುದುಕಿಯೇ. ಹೆಸರು ಇನ್ಕೊರೊನಾತಾ. ಅಷ್ಟುದ್ದ ಕರೆಯುವ ವ್ಯವಧಾನ ಯಾರಿಗೂ ಇಲ್ಲದೆ ಊರಿಗೆಲ್ಲ ನಾತಾ ಚಿಕ್ಕಮ್ಮ.

ನನ್ನ ಕೈ ನೋಡಿಯೇ, “ನೀನೂ ಇದೇ ಕಸುಬಿನೋಳು” ಎಂದಳು. ಹೌದೆಂದೆ. ಭಟ್ಟಿಯ ಮೇಲೊಂದು ಕೋಣೆ ಖಾಲಿಯಿದೆಯಂತೆ. “ಇರು ನಾಕು ದಿನ. ನನ್ನ ಸೊಂಟಕ್ಕೂ ರಜ ಬೇಕು. ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ?”

ಮೂಗಿನ ವಿಷಯ ಹೇಳಲಿಲ್ಲ. ಮೂಗಿಲ್ಲದವಳನ್ನು ಭಟ್ಟಿಯ ಹತ್ತಿರ ಯಾರು ಸೇರಿಸುತ್ತಾರೆ?

ಏಪ್ರಿಲ್ ೨೨

ನಾಳೆ ಹೊರಡೋಣ ಎಂದುಕೊಳ್ಳುತ್ತೇನೆ. ನಾಳೆ ಬಂದಾಗ ಮತ್ತೊಂದು ನಾಳೆ ಸಿಗುತ್ತದೆ.

ನನ್ನ ಕೆಲಸ ಸುಲಭದ್ದು. ಆಲಿವ್ ಕಡ್ಡಿ ಒಟ್ಟಿ ಬೆಂಕಿ ಮಾಡುವುದು, ಕೆಂಡ ಬಳಿಯುವುದು, ಉದ್ದನೆಯ ಸಲಿಕೆಯಲ್ಲಿ ಬ್ರೆಡ್ಡು ಒಳಗೆ ಬಿಡುವುದು. ಬೆಂದಿದೆಯೇ ಇಲ್ಲವೇ ಎಂದು ಹೇಳುವುದು ಚಿಕ್ಕಮ್ಮನ ಕೆಲಸ. ಅದು ನನ್ನ ಪಾಲಿಗೆ ಬಾರದಿರುವುದೇ ನೆಮ್ಮದಿ.

ಮಧ್ಯಾಹ್ನ ಇಡೀ ಊರು ಮಲಗುತ್ತದೆ. ಬೆಕ್ಕು, ಗಂಟೆಗೋಪುರ, ಕಲ್ಲುಗೋಡೆ ಎಲ್ಲಾ. ನಾನು ಮಾಳಿಗೆಯಲ್ಲಿ ಬಟ್ಟೆ ಒಣಹಾಕಿ ಅದರ ನೆರಳಲ್ಲೇ ಅಡ್ಡಾಗಿದ್ದೆ. ಗೋಧಿ ಹೊಲಗಳು ದೂರದಲ್ಲಿ ಉಸಿರಾಡುವಂತೆ ಏಳುತ್ತಿದ್ದವು, ಇಳಿಯುತ್ತಿದ್ದವು. ಮೋಡ ಎಲ್ಲೂ ಇರಲಿಲ್ಲ. ಮಳೆ ಬರುತ್ತದೆ ಅನ್ನಿಸಿತು, ಬಟ್ಟೆ ಎತ್ತಿ ಒಳಗಿಟ್ಟೆ. ಸ್ವಲ್ಪ ಹೊತ್ತಿಗೆ ಗುಡ್ಡದ ಹಿಂದಿನಿಂದ ಸುರಿಯುತ್ತಾ ಬಂತು. ತನ್ನ ಬಟ್ಟೆಯನ್ನೆಲ್ಲ ತೋಯಿಸಿಕೊಂಡ ಚಿಕ್ಕಮ್ಮ, “ಮಳೆ ನಿಂಗೆ ಫೋನ್ ಮಾಡಿ ಬರ್ತದಾ?” ಎಂದು ರೇಗಿದಳು.

ಏಪ್ರಿಲ್ ೨೭

ಇವತ್ತು ಊರಿನ ಕೈಲಿ ಬೈಸಿಕೊಂಡೆ. ತಪ್ಪು ನನ್ನದೇ, ಆದರೆ ತಪ್ಪು ಎಂದು ಗೊತ್ತಿದ್ದರೆ ತಾನೇ!

ಚಿಕ್ಕಮ್ಮ ಔಷಧಿ ತರಲು ಹೋಗಿದ್ದಳು. ಬ್ರೆಡ್ಡೆಲ್ಲ ಹೊರತೆಗೆದು ಹಲಗೆಯ ಮೇಲೆ ಆರಲು ಇಟ್ಟೆ. ರೀಬೆಯಲ್ಲಿ ಹೇಗಿಡುತ್ತೇನೋ ಹಾಗೆ, ಬೋರಲು. ನಮ್ಮ ಕಪ್ಪು ಬ್ರೆಡ್ಡು ಒದ್ದೆಯದು, ತಳ ಮೇಲಾಗಿಟ್ಟರೆ ಆವಿ ಹೋಗಿ ಗಟ್ಟಿಯಾಗುತ್ತದೆ. ಅಮ್ಮ ಹಾಗೇ ಇಡುತ್ತಿದ್ದಳು, ಅಜ್ಜಿಯೂ. ಕೈ ತನ್ನಷ್ಟಕ್ಕೆ ಮಾಡಿತು.

ತನ್ನ ಬ್ರೆಡ್ಡು ಒಯ್ಯಲು ಬಂದ ವಿನ್ಚೆನ್ಸಾ ಬಾಗಿಲಲ್ಲೇ ಕಿರುಚಿದಳು. ಅವಳ ಗಂಡನಿಗೆ ಇವತ್ತೇ ಬಾರಿ ಪಟ್ಟಣದ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್. ನಕ್ಷತ್ರದ ಮುದ್ರೆಯ ಅವಳ ಬ್ರೆಡ್ಡೂ ಮುಖ ಕೆಳಗೆ ಮಾಡಿ ಬಿದ್ದಿತ್ತು. ಎದೆ ಬಡಿದುಕೊಂಡು, ಬ್ರೆಡ್ಡು ಅಲ್ಲೇ ಬಿಟ್ಟು, ಅಳುತ್ತಾ ಹೋದಳು. ಅವಳು ಹೋದ ಬೆನ್ನಿಗೇ ಚಿಕ್ಕಮ್ಮ ಬಂದಳು.

“ಯಾವನು ಕಲ್ಸಿದ್ದು ನಿಂಗೆ ಇದನ್ನ? ಬ್ರೆಡ್ಡು ಬೋರಲು ಹಾಕ್ತಾರಾ? ಬ್ರೆಡ್ಡು ಅಂದ್ರೆ ಶಿಲುಬೆ ಮೇಲಿನ ಸ್ವಾಮಿಯ ಮೈ, ಅವನ ಮುಖ ನೆಲಕ್ಕೆ ಒತ್ತಿದಂಗೆ! ಅದೂ ಅವಳ ಗಂಡ ಕತ್ತಿ ಕೆಳಗೆ ಮಲಗಿರೋ ದಿನ!”

“ನಮ್ಮೂರಲ್ಲಿ ಹೀಗೇ ಆರ್ಸೋದು, ಚಿಕ್ಕಮ್ಮ.”

“ನಿಮ್ಮೂರಲ್ಲಿ ಸೂರ್ಯನೇ ಬರಲ್ವಂತೆ, ಇನ್ನು ಸ್ವಾಮಿ ಎಲ್ಲಿಂದ ಬಂದಾನು! ಎತ್ತು. ಒಂದೊಂದನ್ನೇ ಎತ್ತಿ ನೆಟ್ಟಗಿಡು. ಮುತ್ತು ಕೊಟ್ಟು ಇಡಬೇಕು. ಬರೀ ತುಟಿ ತಾಗ್ಸೋದಲ್ಲ, ಮನಸಾರೆ.”

ಒಂದೊಂದನ್ನೇ ಎತ್ತಿದೆ, ಮುತ್ತು ಕೊಟ್ಟೆ, ನೆಟ್ಟಗಿಟ್ಟೆ. ಬಾಗಿಲಲ್ಲಿ ಜನ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಬ್ರೆಡ್ಡೂ ಇನ್ನೂ ಬಿಸಿ, ತುಟಿ ಚುರ್ ಎನ್ನುತ್ತಿತ್ತು. ಅರ್ಧ ಮುಗಿಯುವಷ್ಟರಲ್ಲಿ ನಾಚಿಕೆ ಹೋಯಿತು. ಕಣ್ಣು ಮುಚ್ಚಿ, ಜನರನ್ನು ಮರೆತು, ನಿಧಾನವಾಗಿ ಕೊಡತೊಡಗಿದೆ. ಯಾಕೋ ಅಳು ಬಂತು. ಸುಟ್ಟಿದ್ದಕ್ಕಿರಬೇಕು.

ಕೀಲಿಕೈ ಮುದ್ರೆಯದಕ್ಕೆ ಮುತ್ತಿಟ್ಟು ಚಿಕ್ಕಮ್ಮನಿಗೆ ಹೇಳಿದೆ, “ಈ ಮನೆಯವರ ಹುಳಿಹಿಟ್ಟು ಹಳೇದಾಗಿದೆ. ಬದಲಾಯಿಸೋಕೆ ಹೇಳು.”

“ನಾನೂ ಹೋದ ವಾರದಿಂದ ಹೇಳ್ತಿದೀನಿ, ಕೇಳಲ್ಲ ಆ ಸೋಮಾರಿ. ಪರವಾಗಿಲ್ವೇ, ಕಸುಬು ಬಲ್ಲೆ ನೀನು” ಎಂದಳು. ಬೈಗುಳದ ಮಧ್ಯೆ ಹೊಗಳಿಕೆ ಸಿಕ್ಕಿದ್ದೇ ಲಾಭ.

ಆಮೇಲೆ ವಿನ್ಚೆನ್ಸಾಳ ಬ್ರೆಡ್ಡನ್ನು ನಾನೇ ಹೊತ್ತು ಅವಳ ಮನೆಗೆ ಹೋದೆ. ಬಾಗಿಲು ತೆಗೆಯಲಿಲ್ಲ. ಹೊಸ್ತಿಲಲ್ಲಿ ನೆಟ್ಟಗಿಟ್ಟು, ಬಟ್ಟೆ ಮುಚ್ಚಿ ಬಂದೆ. ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ. ಆದರೂ ಆ ಮನುಷ್ಯ ಬದುಕಲಿ ಎಂದು ಸಂಜೆಯವರೆಗೂ ಬೇಡಿಕೊಳ್ಳುತ್ತಿದ್ದೆ.

ಏಪ್ರಿಲ್ ೨೮

ಬದುಕಿದ್ದಾನೆ. ಕಣ್ಣು ಬಿಟ್ಟವನೇ ತಿನ್ನಲು ಕೇಳಿದನಂತೆ. ವಿನ್ಚೆನ್ಸಾ ಬಂದು ನನ್ನ ಕೆನ್ನೆ ಗಿಲ್ಲಿದಳು. ಬಹಳ ನೋವಾಯಿತು, ಬಹಳ ಸಂತೋಷವಾಯಿತು.

ಮೇ ೪

ಮಾಳಿಗೆ, ಮಧ್ಯಾಹ್ನ. ಬೆಟ್ಟದ ಮೈಯೆಲ್ಲ ಹಳದಿ ಹೂವು. ಕಣ್ಣು ಮುಚ್ಚಿದರೂ ಎಲ್ಲಿ ಯಾವ ಹೊಲ ಎಂದು ಗೊತ್ತಾಗುತ್ತದೆ. ಕೆಳಗೆ ಯಾರೋ ಬೆಳ್ಳುಳ್ಳಿ ಸೀಯಿಸುತ್ತಿದ್ದಾರೆ, ಮೂರನೇ ಮನೆಯ ಹೊಸ ಸೊಸೆಯೇ ಇರಬೇಕು. ಹೀಗೆ ಮಲಗಿದ್ದರೆ ನಾನು ಎಲ್ಲಿ ಮುಗಿಯುತ್ತೇನೆ, ಊರು ಎಲ್ಲಿ ಶುರುವಾಗುತ್ತದೆ ತಿಳಿಯುವುದಿಲ್ಲ.

ಎಸ್ಬೆನ್ ಫೋನ್ ಮಾಡಿದ. ಮಾತು ಮುಗಿದ ಮೇಲೂ ಫೋನ್ ಇಡಲಿಲ್ಲ.

“ಮೂಗು?” ಎಂದ.

“ಹಾಗೇ ಇದೆ. ಮೂಸಿ ನೋಡೋದೂ ಬಿಟ್ಟಿದೀನಿ. ಸೀಸೆ ಕಳೆದುಹೋಯ್ತು ಅಂದಿದ್ನಲ್ಲ.”

“ಸಿಡ್ಸೆಲ್, ನಾನು ಅಲ್ಲಿಗೆ ಬರ್ಲಾ? ಬೇಡ ಅಂದ್ರೆ ಬರಲ್ಲ. ಭಟ್ಟಿ ಮಾತು ಎತ್ತಲ್ಲ. ಸುಮ್ನೆ ನಿನ್ನ ನೋಡ್ಬೇಕು.”

ವಿಮಾನ ಹತ್ತಲು ಹೆದರುವವನು. ರೀಬೆಯಿಂದ ಇಲ್ಲಿಗೆ ರೈಲಿನ ಮೇಲೆ ರೈಲು, ಎರಡು ದಿನ. ಬಾ ಎಂದೆ. ಎದುರಿಗೆ ಬಂದು ನಿಂತಾಗಲೂ ಅವನು ಯಾರೋ ಅನ್ನಿಸಿದರೆ? ಅನ್ನಿಸಿದರೆ ಹೇಳಿಬಿಡುತ್ತೇನೆ. ಅಷ್ಟು ದೂರದಿಂದ ಬರುವವನಿಗೆ ನಗುಮುಖದ ಸುಳ್ಳು ಕೊಡಲಾರೆ. ಫೋಟೋದ ಜೊತೆ ಸಂಸಾರ ಮಾಡುವುದು ನನಗೂ ಅನ್ಯಾಯ, ಅವನಿಗೂ ಅನ್ಯಾಯ.

ಮೇ ೧೦

ನಾಳೆ ಬಾರಿಯ ರೈಲು ನಿಲ್ದಾಣಕ್ಕೆ ಹೋಗಿ ಅವನನ್ನು ಇಳಿಸಿಕೊಳ್ಳಬೇಕು. ಬೆಳಗಿನಿಂದ ಮೂರು ಮನೆಯ ಹಿಟ್ಟು ನಾನೇ ನಾದಿದೆ.

“ಗಂಡ ಬರ್ತಾನೆ ಅಂದ್ರೆ ತಲೆ ಬಾಚ್ಕೊಳ್ಳೋದು ಬಿಟ್ಟು ಊರಿನ ಹಿಟ್ಟಿಗೆಲ್ಲ ಗುದ್ದಾಡ್ತಾ ಕೂತವ್ಳೆ” ಎಂದಳು ಚಿಕ್ಕಮ್ಮ. “ಏನಾಗಿದೆ? ಹೊಡಿತಾನಾ?”

“ಛೇ, ಇಲ್ಲ. ಒಳ್ಳೇವ್ನು.”

“ಕುಡಿತಾನಾ?”

“ಇಲ್ಲ ಚಿಕ್ಕಮ್ಮ. ನಾನೇ ಸರಿಯಿಲ್ಲ. ಅವನನ್ನ ನೋಡಿದ್ರೆ ಏನೂ ಅನ್ಸೋದೇ ನಿಂತುಹೋಗಿತ್ತು. ನಾಳೆ ನೋಡಿ, ಇಲ್ಲ ಅನ್ಸಿದ್ರೆ ಬಿಟ್ಟುಬಿಡ್ತೀನಿ.”

ಅವಳು ನನ್ನ ಪಕ್ಕ ಬಂದು ಕೂತಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. “ನನ್ನವನು ಸತ್ತು ಎಷ್ಟು ವರ್ಷ ಆಯ್ತೋ. ಅವನು ಬದುಕಿದ್ದಾಗ್ಲೂ ಎಷ್ಟೋ ದಿನ ನಂಗೇನೂ ಅನ್ಸಿಲ್ಲ. ಬೆಂಕಿ ಆರಿದೆಯಾ ಇಲ್ವಾ ಅಂತ ದೂರ ನಿಂತು ಹೇಳಕ್ಕಾಗಲ್ಲ, ಮಗಳೇ. ಕೈ ಹಾಕೇ ನೋಡ್ಬೇಕು.”

ಕೈ ಸುಟ್ಟರೆ ಎಂದು ನಾನು ಕೇಳಲಿಲ್ಲ. ತಣ್ಣಗಿದ್ದರೆ ಎಂಬುದೇ ನನ್ನ ಹೆದರಿಕೆ. ತಲೆ ಬಾಚಿಕೊಂಡೆ.

ಮೇ ೧೧, ಬಾರಿ

ಅವನು ಪಕ್ಕದಲ್ಲೇ ಇದ್ದಾನೆ. ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ, ಇನ್ನೊಂದು ಅವನ ಹತ್ತಿರವಿದೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ರೈಲು ತಡ. ಪ್ಲಾಟ್‌ಫಾರ್ಮಿನಲ್ಲಿ ಬಿಸಿಲು ಬಿಳಿ ಹಾಳೆಯಂತೆ ಬಿದ್ದಿತ್ತು, ಅದರ ಮೇಲೆ ಜನ ತೇಲಿದಂತೆ ಓಡಾಡುತ್ತಿದ್ದರು. ನಾನು ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಾ ನಿಂತಿದ್ದೆ. ರೈಲು ಬಂತು. ಕೊನೆಯ ಬೋಗಿಯಿಂದ ಇಳಿದ. ಸಣ್ಣಗಾಗಿದ್ದಾನೆ, ಅಂಗಿ ಬೆನ್ನಿಗೆ ಅಂಟಿದೆ, ಒಂದು ಕಾಲುಚೀಲ ಬೇರೆ ಬಣ್ಣದ್ದು. ನನ್ನನ್ನು ಕಂಡು ಓಡಿಬರಲು ಹೋಗಿ, ಓಡಬಾರದೇನೋ ಎಂದು ನಿಧಾನಿಸಿ, ಹತ್ತಿರ ಬಂದು ತಬ್ಬಿಕೊಂಡ. ನಾನು ಅವನ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿದೆ.

“ಥೂ! ನಾರ್ತಿದೀಯ ಕಣೋ! ಬೆವರು, ಈರುಳ್ಳಿ, ಎರಡು ದಿನದ ರೈಲು, ಎಲ್ಲಾ ಸೇರಿ. ಮೊದಲು ರೂಮಿಗೆ ಹೋಗಿ ಸ್ನಾನ ಮಾಡು, ಆಮೇಲೆ ಮಾತು.”

ಅವನು ನಿಂತಲ್ಲೇ ನಿಂತ.

“ಏನಂದೆ?”

“ನಾರ್ತಿದೀಯ ಅಂದೆ.”

“ಇನ್ನೊಂದ್ಸಲ ಹೇಳು.”

“ನಿಂಗೇನು ಕಿವಿ ಹೋಯ್ತಾ? ನಾರ್ತಿ...”

ಅವನು ತನ್ನ ಚೀಲದ ಮೇಲೆ ದೊಪ್ಪನೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದ. ಪಕ್ಕದಲ್ಲಿ ಹೋಗುತ್ತಿದ್ದ ಹೆಂಗಸು ನಿಂತು, “ಇಳಿದ ತಕ್ಷಣ ಅಳ್ಸಿಬಿಟ್ರಾ? ಒಂದು ಲೋಟ ನೀರಾದ್ರೂ ಕೊಡ್ಬಾರ್ದಾ!” ಎಂದು ನನ್ನನ್ನು ಗದರಿಸಿ ಹೋದಳು. ಬೈದರೆ ಅಳುವವನಲ್ಲ ಅವನು. ಆಯಾಸ ಎಂದುಕೊಂಡೆ. ಬಗ್ಗಿ ಅವನ ಭುಜ ಹಿಡಿದೆ.

“ಏನಾಯ್ತೋ? ಸ್ನಾನ ಮಾಡು ಅಂದಿದ್ದಕ್ಕೆ ಅಳ್ತಾರಾ?”

“ಸಿಡ್ಸೆಲ್,” ಎಂದ ಕೈಯೊಳಗಿಂದಲೇ, “ನಾನು ಈರುಳ್ಳಿ ತಿಂದಿದ್ದು ನಿಂಗೆ ಹೇಗೆ ಗೊತ್ತಾಯ್ತು?”

“ಹೇಗೆ ಅಂದ್ರೆ? ಮೂಗಿಲ್ವಾ ನಂಗೆ...” ಎಂದವಳು ಅಲ್ಲಿಗೇ ನಿಂತೆ.

ಬಿಸಿಲಿಗೆ ವಾಸನೆಯಿತ್ತು, ಹಳಿಗೆ ವಾಸನೆಯಿತ್ತು, ಎಲ್ಲೋ ಹಿಂದೆ ಸಮುದ್ರಕ್ಕಿತ್ತು. ಯಾವಾಗಿನಿಂದ ಇತ್ತು? ಆ ಸುಟ್ಟ ಟೈರಿನ ಕಾಫಿಯಿಂದಲೇ? ನಾನು ಗಮನಿಸಿಯೇ ಇರಲಿಲ್ಲ. ಮೊಣಕಾಲೂರಿ ಕೂತು ಅವನ ಅಂಗಿಯ ಕಾಲರಿನೊಳಗೆ ಮುಖವಿಟ್ಟೆ. ಈರುಳ್ಳಿ, ಬೆವರು, ಯಾವುದೋ ರೈಲಿನ ಸೀಟಿನ ಧೂಳು. ಅವೆಲ್ಲದರ ಕೆಳಗೆ ಎಸ್ಬೆನ್. ಯಾರೋ ಅಲ್ಲ, ನನ್ನವನು. ಬಾಯಿಪಾಠ ಮಾಡಿದ್ದ ಮಾತು ಒಂದೂ ನೆನಪಾಗಲಿಲ್ಲ.

ನಿಲ್ದಾಣದ ಎದುರು ನಾನು ಹಿಡಿದಿದ್ದ ರೂಮಿಗೆ ಬಂದೆವು. ಅವನು ಒಳ್ಳೆಯ ಹುಡುಗನಂತೆ ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೊರಟ. ಓಡಿಹೋಗಿ ಟವೆಲು ಕಿತ್ತುಕೊಂಡು ಅವನನ್ನು ಮಂಚದ ಮೇಲೆ ಕೂರಿಸಿದೆ.

“ಸ್ನಾನ ಮಾಡು ಅಂದ್ಯಲ್ಲ?”

“ನಾಳೆ ಮಾಡು,” ಎಂದೆ. “ಇವತ್ತು ಬೇಡ.”